ಹಳೆಯ ಗಾಂಜಾ ಕೇಸಿಗೆ ಕ್ಷಮೆ ಉಂಟೆ?

ಚೆನ್ನೈನ ಪತ್ರಿಕೆ ಓದುವವರ ಕಣ್ಣಿಗೆ ಒಂದು ಫೋಟೊ ಅಭ್ಯಾಸವಾಗಿಬಿಟ್ಟಿರುತ್ತದೆ. ಮೇಜಿನ ಮೇಲೆ ಕಂದು ಟೇಪು ಸುತ್ತಿದ ಪೊಟ್ಟಣಗಳು, ಹಿಂದೆ ಸಾಲಾಗಿ ನಿಂತ ಪೊಲೀಸರು, ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಮೂರ್ನಾಲ್ಕು ಹುಡುಗರು. ತಮಿಳಿನಲ್ಲಿ ‘ಕಂಜಾ ಪೊಟ್ಟಲಂ’ ಅನ್ನುತ್ತಾರೆ. ನಮ್ಮ ಪೊಟ್ಟಣವೇ. ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ ಈ ಊರಿನ ಜನ ರಾಜಕೀಯ ಮಾತಾಡುವಾಗ ಐದು ನಿಮಿಷಕ್ಕೊಮ್ಮೆಯಾದರೂ ಈ ಪದ ಬಂದೇ ಬರುತ್ತದೆ.

2021ರ ಡಿಸೆಂಬರಿನಲ್ಲಿ ಆಗಿನ ಡಿಜಿಪಿ ಶೈಲೇಂದ್ರ ಬಾಬು ಅವರು ‘ಆಪರೇಷನ್ ಗಾಂಜಾ ವೇಟ್ಟೈ’ ಶುರುಮಾಡಿದರು. ವೇಟ್ಟೈ ಎಂದರೆ ಬೇಟೆ. ಮರುವರ್ಷ 2.0 ಬಂತು, ಆಮೇಲೆ 3.0, 4.0 ಕೂಡ. ನಮ್ಮ ಸಾಫ್ಟ್‌ವೇರ್ ರಿಲೀಸುಗಳಂತೆ! 2022ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಮಾದಕ ವಸ್ತು ಮುಕ್ತ ತಮಿಳುನಾಡು ಅಭಿಯಾನಕ್ಕೆ ಚಾಲನೆ ಕೊಟ್ಟರು, ಶಾಲಾ ಮಕ್ಕಳಿಂದ ಪ್ರತಿಜ್ಞೆ ಮಾಡಿಸಿದರು. ವಿರೋಧ ಪಕ್ಷಗಳದ್ದು ಒಂದೇ ಮಾತು: ಈ ಸರ್ಕಾರ ಬಂದ ಮೇಲೆ ಗಾಂಜಾ ಬೀದಿ ಬೀದಿಗೆ ಬಂದಿದೆ. ಆಳುವವರು ತಾವು ಎಷ್ಟು ಹಿಡಿದೆವು ಎಂದು ಲೆಕ್ಕ ಕೊಡುತ್ತಾರೆ, ವಿರೋಧಿಗಳು ಎಷ್ಟು ಬಿಟ್ಟಿರಿ ಎಂದು ಕೇಳುತ್ತಾರೆ. ಯಾರು ಹೆಚ್ಚು ಕಠಿಣ ಎನ್ನುವುದೊಂದೇ ಪೈಪೋಟಿ. ಹಿಡಿಸಿಕೊಂಡವರಲ್ಲಿ ಜೇಬಿನಲ್ಲಿ ಐದೋ ಹತ್ತೋ ಗ್ರಾಂ ಇಟ್ಟುಕೊಂಡಿದ್ದವನು ಐದು ವರ್ಷದ ನಂತರ ಏನಾಗಿದ್ದಾನೆ ಎಂದು ಕೇಳುವವರು ಎರಡೂ ಕಡೆ ಇಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಕೇಳಿದ್ದಾರೆ. 2022ರ ಅಕ್ಟೋಬರ್ 6ರಂದು ಅಧ್ಯಕ್ಷ ಬೈಡನ್, ಫೆಡರಲ್ ಕಾನೂನಿನಡಿ ಕೇವಲ ಗಾಂಜಾ ಇಟ್ಟುಕೊಂಡಿದ್ದಕ್ಕೆ ಶಿಕ್ಷೆಯಾದವರಿಗೆಲ್ಲ ಒಂದೇ ಘೋಷಣೆಯಲ್ಲಿ ಕ್ಷಮಾದಾನ ಕೊಟ್ಟರು. ಸುಮಾರು 6,500 ಮಂದಿಗೆ ಅನುಕೂಲ ಎಂಬ ಅಂದಾಜು. ಬರೀ ಆ ಅಪರಾಧಕ್ಕಾಗಿ ಫೆಡರಲ್ ಜೈಲಿನಲ್ಲಿ ಆಗ ಒಬ್ಬನೂ ಇರಲಿಲ್ಲ ಎಂಬುದು ಇದರಲ್ಲಿನ ಸ್ವಾರಸ್ಯ. ಅಂದರೆ ಕ್ಷಮಿಸಿದ್ದು ಜೈಲುವಾಸವನ್ನಲ್ಲ, ಕೆಲಸಕ್ಕೆ ಅರ್ಜಿ ಹಾಕುವಾಗ, ಮನೆ ಬಾಡಿಗೆಗೆ ಕೇಳುವಾಗ ಎದುರಾಗುವ ಹಳೆಯ ದಾಖಲೆಯನ್ನು. 2024ರ ಜೂನ್ 17ರಂದು ಮೇರಿಲ್ಯಾಂಡ್ ರಾಜ್ಯದ ಗವರ್ನರ್ ವೆಸ್ ಮೂರ್ ಒಂದೇ ಸಹಿಯಲ್ಲಿ 1,75,000ಕ್ಕೂ ಹೆಚ್ಚು ಹಳೆಯ ಶಿಕ್ಷೆಗಳನ್ನು ಮನ್ನಿಸಿದರು. ಅಲ್ಲೂ ಗಲಾಟೆ ಇಲ್ಲದಿಲ್ಲ. ಚುನಾವಣೆ ಹತ್ತಿರ ಬಂತು ಎಂದೇ ಹೀಗೆ ಮಾಡಿದರು ಎಂದು ಕೆಲವರು, ಮಾರಾಟಕ್ಕೆ ಶಿಕ್ಷೆಯಾದವರನ್ನು ಯಾಕೆ ಬಿಟ್ಟಿರಿ ಎಂದು ಇನ್ನು ಕೆಲವರು.

ಈ ಸುದ್ದಿ ನಮ್ಮ ಆಫೀಸಿನ ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿಗೂ ಬಂದಿತ್ತು. ಎರಡು ಜೋಕು, ಒಂದು ಹೊಗೆ ಬಿಡುವ ಜಿಫ್, ಅಲ್ಲಿಗೆ ಮುಗಿಯಿತು. ನನಗೆ ಮಾತ್ರ ಮುಗಿಯಲಿಲ್ಲ. ಕಾರಣ ಒಬ್ಬ ಹುಡುಗ.

ಪೆರುಂಗುಡಿಯ ಪಿಜಿಯಲ್ಲಿ ಪರಿಚಯವಾದವನು, ದಾವಣಗೆರೆ ಕಡೆಯವನು. ಹೆಸರು ಬೇಡ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗ ಒಂದು ರಾತ್ರಿ ಬೈಕ್ ತಪಾಸಣೆಯಲ್ಲಿ ಸಿಕ್ಕಿಬಿದ್ದ. ಜೇಬಿನಲ್ಲಿ ಹತ್ತು ಗ್ರಾಂ ಕೂಡ ಇರಲಿಲ್ಲವಂತೆ. ಕೋರ್ಟಿನಲ್ಲಿ ವಕೀಲರು, “ತಪ್ಪೊಪ್ಪಿಕೋ ಮಾರಾಯ, ದಂಡ ಕಟ್ಟಿ ಇವತ್ತೇ ಮುಗಿಸಿಬಿಡೋಣ, ಇಲ್ಲದಿದ್ರೆ ವರ್ಷಗಟ್ಟಲೆ ಅಲೀತೀಯ” ಎಂದರು. ಒಪ್ಪಿಕೊಂಡ. ಕೆಲವು ಸಾವಿರ ದಂಡ ಕಟ್ಟಿದ. ಅಪ್ಪನಿಗೆ ಗೊತ್ತಾಗಲಿಲ್ಲವಲ್ಲ, ಅಷ್ಟು ಸಾಕು ಅಂದುಕೊಂಡ. ನಾಲ್ಕು ವರ್ಷದ ಮೇಲೆ ಇಲ್ಲಿನ ಒಂದು ದೊಡ್ಡ ಕಂಪನಿಯಲ್ಲಿ ಆಫರ್ ಸಿಕ್ಕಿತು. ಹಿನ್ನೆಲೆ ಪರಿಶೀಲನೆಯ ಫಾರಂ ಬಂತು. ಯಾವುದಾದರೂ ನ್ಯಾಯಾಲಯ ನಿಮ್ಮನ್ನು ಅಪರಾಧಿ ಎಂದು ತೀರ್ಮಾನಿಸಿದೆಯೇ ಎಂಬ ಪ್ರಶ್ನೆ. “ಅಣ್ಣಾ, ಎಸ್ ಅಂತ ಹಾಕ್ಲಾ, ನೋ ಅಂತ ಹಾಕ್ಲಾ?” ಎಂದು ನನ್ನ ಕೋಣೆಗೆ ಬಂದ. ನಿಜ ಬರಿ ಎಂದೆ. ಬರೆದ. ಆಫರ್ ಮೊದಲು ‘ಹೋಲ್ಡ್’ ಆಯಿತು, ಆಮೇಲೆ ಕಾರಣ ಹೇಳದೆ ವಾಪಸಾಯಿತು. ಈಗ ಸಣ್ಣ ಕಂಪನಿಯೊಂದರಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡುತ್ತಿದ್ದಾನೆ.

ನಿಜ ಬರಿ ಎಂದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಸರ್ಕಾರಿ ಕೆಲಸಗಳ ಮಟ್ಟಿಗೆ ಸುಪ್ರೀಂ ಕೋರ್ಟ್ 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ, ಹಳೆಯ ಕೇಸು ಮುಚ್ಚಿಡುವುದು ಬೇರೆ, ಚಿಕ್ಕ ವಯಸ್ಸಿನ ಕ್ಷುಲ್ಲಕ ಅಪರಾಧವನ್ನು ಉದ್ಯೋಗದಾತ ಮನ್ನಿಸಬಹುದಾದದ್ದು ಬೇರೆ ಎಂದು ಬಿಡಿಸಿ ಹೇಳಿದೆ. ಖಾಸಗಿ ಕಂಪನಿಗಳಿಗೆ ಅಂಥ ಮಾರ್ಗಸೂಚಿ ಏನೂ ಇಲ್ಲ. ಎಚ್‌ಆರ್‌ಗೆ ಅನುಮಾನ ಬಂದರೆ ಮುಗಿಯಿತು.

ಸೇದಿದವನಿಗೆ ಒಂದು, ಇಟ್ಟುಕೊಂಡವನಿಗೆ ಇನ್ನೊಂದು

ಅಲ್ಲಿಂದ ನಾನು ಎನ್‌ಡಿಪಿಎಸ್ ಕಾಯ್ದೆಯನ್ನು ಕೋಡ್ ಓದುವ ಹಾಗೆ ಸಾಲು ಸಾಲಾಗಿ ಓದತೊಡಗಿದೆ. 1985ರ ಸೆಪ್ಟೆಂಬರಿನಲ್ಲಿ ಅಂಕಿತ ಬಿದ್ದು, ಅದೇ ನವೆಂಬರ್ 14ರಂದು ಜಾರಿಗೆ ಬಂದ ಕಾಯ್ದೆ ಇದು. ಗಾಂಜಾ ಎಂದರೆ ಗಿಡದ ಹೂವು, ಕಾಯಿ ಬಿಟ್ಟ ತುದಿ. ಹೂವಿನ ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಇದರಲ್ಲಿ ಸೇರುವುದಿಲ್ಲ. ಹಾಗಾಗಿಯೇ 2022ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟ್, ಬೇಗೂರು ಪೊಲೀಸರು 29 ಕೆ.ಜಿ. ಭಂಗಿ ಹಿಡಿದಿದ್ದ ಕೇಸಿನಲ್ಲಿ, ಭಂಗಿ ನಿಷೇಧಿತ ಎಂದು ಕಾಯ್ದೆಯಲ್ಲಿ ಎಲ್ಲಿಯೂ ಹೇಳಿಲ್ಲ ಎಂದು ಆರೋಪಿಗೆ ಜಾಮೀನು ಕೊಟ್ಟಿತು. ಒಂದೇ ಗಿಡದ ಎಲೆ ಕಾನೂನಿನ ಆಚೆ, ಹೂವು ಈಚೆ.

ಗಾಂಜಾದಲ್ಲಿ 1 ಕೆ.ಜಿ.ವರೆಗೆ ‘ಸಣ್ಣ ಪ್ರಮಾಣ’, 20 ಕೆ.ಜಿ. ಮೀರಿದರೆ ‘ವಾಣಿಜ್ಯ ಪ್ರಮಾಣ’. ಸಣ್ಣ ಪ್ರಮಾಣ ಇಟ್ಟುಕೊಂಡರೆ ಸೆಕ್ಷನ್ 20ರಡಿ ಒಂದು ವರ್ಷದವರೆಗೆ ಕಠಿಣ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸೇದಿದರೆ ಸೆಕ್ಷನ್ 27ರಡಿ ಆರು ತಿಂಗಳವರೆಗೆ, ಅಥವಾ ಅಷ್ಟೇ ದಂಡ, ಅಥವಾ ಎರಡೂ. ನೋಡಲಿಕ್ಕೆ ಹೆಚ್ಚು ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಮುಂದಿನ ಪುಟಗಳಲ್ಲಿ.

ಸೆಕ್ಷನ್ 33 ಹೇಳುವ ಪ್ರಕಾರ, ಈ ಕಾಯ್ದೆಯಡಿ ಶಿಕ್ಷೆಯಾದ ವಯಸ್ಕರಿಗೆ ಪ್ರೊಬೇಷನ್ ಇಲ್ಲ. ಸನ್ನಡತೆಯ ಬಾಂಡ್ ಬರೆಸಿಕೊಂಡು ಬಿಡುವ ಹಾಗಿಲ್ಲ. ಆದರೆ ಸೆಕ್ಷನ್ 27ಕ್ಕೆ ಇದರಿಂದ ವಿನಾಯಿತಿ. 1989ರಲ್ಲಿ ಸೇರಿಸಿದ ಸೆಕ್ಷನ್ 32ಎ ಪ್ರಕಾರ ಶಿಕ್ಷೆಯ ಅಮಾನತು, ಕಡಿತ, ಪರಿವರ್ತನೆ ಯಾವುದೂ ಇಲ್ಲ. ಅಲ್ಲೂ ಸೆಕ್ಷನ್ 27ಕ್ಕೆ ಮಾತ್ರ ವಿನಾಯಿತಿ. 2000ದಲ್ಲಿ ದಾದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಿಕ್ಷೆ ಅಮಾನತು ಮಾಡುವ ನ್ಯಾಯಾಲಯದ ಅಧಿಕಾರವನ್ನು ಕಿತ್ತುಕೊಳ್ಳುವ ಭಾಗವನ್ನಷ್ಟೇ ರದ್ದು ಮಾಡಿತು, ಉಳಿದದ್ದು ಉಳಿಯಿತು. ಪ್ರೊಬೇಷನ್ ಯಾಕೆ ಮುಖ್ಯ ಎಂದರೆ, 1958ರ ಪ್ರೊಬೇಷನ್ ಕಾಯ್ದೆಯ ಸೆಕ್ಷನ್ 12ರಲ್ಲಿ, ಹಾಗೆ ಬಿಡುಗಡೆಯಾದವನಿಗೆ ಶಿಕ್ಷೆಯ ಕಾರಣದಿಂದ ಯಾವ ಅನರ್ಹತೆಯೂ ಅಂಟಿಕೊಳ್ಳುವುದಿಲ್ಲ ಎಂದಿದೆ. ಒಟ್ಟಿನಲ್ಲಿ, ಸೇದಿ ಮುಗಿಸಿದವನಿಗೆ ಆ ಬಾಗಿಲು ತೆರೆದಿದೆ. ಸೇದಬೇಕೆಂದು ಜೇಬಿನಲ್ಲಿಟ್ಟುಕೊಂಡವನಿಗೆ ಮುಚ್ಚಿದೆ. ನಮ್ಮ ಹುಡುಗನ ಮೇಲಿದ್ದದ್ದು ಸೆಕ್ಷನ್ 20.

ಇನ್ನೂ ಒಂದಿದೆ. ಸೆಕ್ಷನ್ 64ಎ ಪ್ರಕಾರ, ಸಣ್ಣ ಪ್ರಮಾಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಹೋದರೆ ಅವನ ಮೇಲೆ ಕೇಸು ನಡೆಸುವಂತಿಲ್ಲ. ಒಳ್ಳೆಯ ಸೆಕ್ಷನ್. ಆದರೆ ಇದು ‘ವ್ಯಸನಿ’ಗೆ. ತಿಂಗಳಿಗೊಮ್ಮೆ ಗೆಳೆಯರ ಜೊತೆ ಸೇದುವವನು ವ್ಯಸನಿಯಲ್ಲ, ಹಾಗಾಗಿ ಅವನಿಗೆ ಇದೂ ಇಲ್ಲ. ಇಂಥ ಲಾಜಿಕ್ಕನ್ನು ನಮ್ಮ ತಂಡದಲ್ಲಿ ಯಾರಾದರೂ ಬರೆದು ತಂದಿದ್ದರೆ ರಿವ್ಯೂನಲ್ಲೇ ವಾಪಸ್ ಕಳಿಸುತ್ತಿದ್ದೆವು.

ತಪ್ಪೊಪ್ಪಿಕೊಂಡವನಿಗೆ ಮೇಲ್ಮನವಿಯ ದಾರಿಯೂ ಹೆಚ್ಚುಕಡಿಮೆ ಇಲ್ಲ. ಶಿಕ್ಷೆಯ ಪ್ರಮಾಣವನ್ನೋ ಅದರ ಕಾನೂನುಬದ್ಧತೆಯನ್ನೋ ಪ್ರಶ್ನಿಸಬಹುದೇ ಹೊರತು, ನಾನು ಅಪರಾಧಿಯಲ್ಲ ಎನ್ನುವಂತಿಲ್ಲ. ಬಾಲಾಪರಾಧಿಗಳಿಗೆ 2015ರ ಬಾಲನ್ಯಾಯ ಕಾಯ್ದೆ ದಾಖಲೆ ನಾಶಮಾಡುವ ವ್ಯವಸ್ಥೆ ಇಟ್ಟಿದೆ. ಹದಿನೇಳು ವರ್ಷ ಹನ್ನೊಂದು ತಿಂಗಳಲ್ಲಿ ಸಿಕ್ಕಿದವನ ದಾಖಲೆ ಅಳಿಯುತ್ತದೆ, ಹದಿನೆಂಟು ತುಂಬಿದ ಮಾರನೆಯ ದಿನ ಸಿಕ್ಕಿದವನದ್ದು ಉಳಿಯುತ್ತದೆ. ವಯಸ್ಕರಿಗೆ ಅಂಥ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ.

ಇದು ನಾಲ್ಕಾರು ಹುಡುಗರ ಕಥೆಯಲ್ಲ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಭಂಗಿ, ಗಾಂಜಾ, ಚರಸ್ ಸೇವಿಸಿದವರು ಸುಮಾರು 3.1 ಕೋಟಿ. 2022ರಲ್ಲಿ ಎನ್‌ಡಿಪಿಎಸ್ ಅಡಿ ದಾಖಲಾದ ಕೇಸುಗಳು 1 ಲಕ್ಷದ 15 ಸಾವಿರಕ್ಕೂ ಹೆಚ್ಚು ಎನ್ನುತ್ತದೆ ಎನ್‌ಸಿಆರ್‌ಬಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ವಂತ ಬಳಕೆಯವು, ಸಾಗಣೆಯವಲ್ಲ.

ಕಾನೂನು ಬದಲಾದಾಗಲೂ ಹಿಂದಿನವರು ಹೊರಗೆ

ಹಳೆಯ ಶಿಕ್ಷೆಗಳ ಪ್ರಶ್ನೆ ಭಾರತದಲ್ಲಿ ಒಮ್ಮೆ ನಿಜವಾಗಿ ಎದ್ದಿತ್ತು. ಅದು ಯಾಕೋ ಯಾರಿಗೂ ನೆನಪಿಲ್ಲ.

1985ರ ಮೂಲ ಕಾಯ್ದೆಯಲ್ಲಿ ಪ್ರಮಾಣಕ್ಕೆ ತಕ್ಕ ಶಿಕ್ಷೆ ಎನ್ನುವುದು ಇರಲಿಲ್ಲ. ಗಾಂಜಾ ಇಟ್ಟುಕೊಂಡಿದ್ದರೆ 5 ವರ್ಷದವರೆಗೆ, ಚರಸ್ ಆಗಿದ್ದರೆ ಕನಿಷ್ಠವೇ 10 ವರ್ಷ. ಬಹಳ ಸಣ್ಣ ಪ್ರಮಾಣ, ಅದೂ ಸ್ವಂತ ಬಳಕೆಗೆ ಎಂದು ಆರೋಪಿಯೇ ಸಾಬೀತು ಮಾಡಿದರೆ ಮಾತ್ರ ರಿಯಾಯಿತಿ. ಗೋವಾದಲ್ಲಿ ಒಬ್ಬ ವಿದೇಶಿ ಪ್ರವಾಸಿಯ ಬಳಿ ಎರಡು ತುಂಡು ಚರಸ್ ಸಿಕ್ಕಿತು, ಒಟ್ಟು 12 ಗ್ರಾಂ. ಕೆಳ ನ್ಯಾಯಾಲಯ 10 ವರ್ಷ ಸಜೆ, 1 ಲಕ್ಷ ರೂಪಾಯಿ ದಂಡ ಹಾಕಿತು. ಪೊಲೀಸರು ಪರೀಕ್ಷೆಗೆ ಕಳಿಸಿದ್ದು ಒಂದೇ ತುಂಡನ್ನು, ಅದು 5 ಗ್ರಾಮಿಗಿಂತ ಕಡಿಮೆಯಿತ್ತು. ಈ ಕಾರಣಕ್ಕೆ 1993ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಆರು ತಿಂಗಳಿಗೆ ಇಳಿಸಿತು. ಪೊಲೀಸರು ಎರಡೂ ತುಂಡು ಕಳಿಸಿದ್ದರೆ ಹತ್ತು ವರ್ಷ!

ಇದು ಅತಿಯಾಯಿತು ಎಂದು ಸಂಸತ್ತಿಗೂ ಅನ್ನಿಸಿತು. 2001ರಲ್ಲಿ ತಿದ್ದುಪಡಿ ಬಂತು, ಅಕ್ಟೋಬರ್ 2ರ ಗಾಂಧಿ ಜಯಂತಿಯಂದು ಜಾರಿಯಾಯಿತು. ಸಣ್ಣ, ಮಧ್ಯಮ, ವಾಣಿಜ್ಯ ಎಂದು ಮೂರು ಹಂತ ಮಾಡಿದ್ದು ಆಗಲೇ. ಆದರೆ ತಿದ್ದುಪಡಿಯ ಸೆಕ್ಷನ್ 41 ಒಂದು ಗೆರೆ ಎಳೆಯಿತು: ವಿಚಾರಣೆ ಬಾಕಿ ಇರುವವರಿಗೆ ಹೊಸ ಶಿಕ್ಷೆಯ ಅನುಕೂಲ ಸಿಗುತ್ತದೆ, ಈಗಾಗಲೇ ಶಿಕ್ಷೆಯಾಗಿ ಮೇಲ್ಮನವಿಯಲ್ಲಿರುವವರಿಗೆ ಸಿಗುವುದಿಲ್ಲ. ಒಂದೇ ದಿನ ಅಷ್ಟೇ ತೂಕದೊಂದಿಗೆ ಸಿಕ್ಕಿಬಿದ್ದ ಇಬ್ಬರಲ್ಲಿ, ಯಾವನ ಕೋರ್ಟು ನಿಧಾನವೋ ಅವನು ಬಚಾವು. ಯಾವನ ಕೋರ್ಟು ಚುರುಕಾಗಿ ತೀರ್ಪು ಕೊಟ್ಟಿತೋ ಅವನಿಗೆ ಹಳೆಯ ಶಿಕ್ಷೆ. ಇದು ಸಮಾನತೆಗೆ ವಿರುದ್ಧ ಎಂದು ಕೇರಳದಿಂದ ಹೋದ ಬಶೀರ್ ಪ್ರಕರಣದಲ್ಲಿ ವಾದ ನಡೆಯಿತು. 2004ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಮುಗಿದ ವಿಚಾರಣೆಗಳನ್ನೆಲ್ಲ ಮತ್ತೆ ತೆರೆದರೆ ತಿದ್ದುಪಡಿಯ ಉದ್ದೇಶವೇ ಕೆಡುತ್ತದೆ ಎಂದು ಗೆರೆಯನ್ನು ಎತ್ತಿ ಹಿಡಿಯಿತು. ಆಡಳಿತದ ದೃಷ್ಟಿಯಿಂದ ಆ ಮಾತಿನಲ್ಲಿ ಹುರುಳಿರಬಹುದು. ಆದರೆ ನ್ಯಾಯಾಲಯ ಮಾಡಲಾಗದ್ದನ್ನು ಸರ್ಕಾರ ಕ್ಷಮಾದಾನದ ಮೂಲಕ ಮಾಡಲಿ ಎಂದೇ ಅಲ್ಲವೆ ಸಂವಿಧಾನದಲ್ಲಿ 72ನೇ ಮತ್ತು 161ನೇ ವಿಧಿ ಇಟ್ಟಿರುವುದು?

161ನೇ ವಿಧಿ ಎಂದರೆ ಏನು ಎಂದು ದೇಶಕ್ಕೆಲ್ಲ ಪಾಠ ಹೇಳಿದ್ದು ಇದೇ ತಮಿಳುನಾಡು. ರಾಜೀವ್ ಗಾಂಧಿ ಹತ್ಯೆ ಪ್ರಕರಣದ ಪೆರಾರಿವಾಲನ್ ಬಿಡುಗಡೆಗೆ 2018ರ ಸೆಪ್ಟೆಂಬರಿನಲ್ಲಿ ಇಲ್ಲಿನ ಸಂಪುಟ ಶಿಫಾರಸು ಮಾಡಿತು. ರಾಜ್ಯಪಾಲರು ಎರಡು ವರ್ಷಕ್ಕೂ ಹೆಚ್ಚು ಕಾಲ ಇಟ್ಟುಕೊಂಡು, ಆಮೇಲೆ ರಾಷ್ಟ್ರಪತಿಗೆ ಕಳಿಸಿದರು. 2022ರ ಮೇ 18ರಂದು ಸುಪ್ರೀಂ ಕೋರ್ಟ್, ಸಂಪುಟದ ಸಲಹೆ ರಾಜ್ಯಪಾಲರನ್ನು ಕಟ್ಟಿಹಾಕುತ್ತದೆ ಎಂದು ಹೇಳಿ ತಾನೇ ಬಿಡುಗಡೆ ಮಾಡಿತು. ಆ ಬಿಡುಗಡೆ ಸರಿಯೋ ತಪ್ಪೋ, ನಿಮ್ಮ ಅಭಿಪ್ರಾಯ ನಿಮ್ಮದು. ನನಗೆ ಬೇಕಾದದ್ದು ಕಾನೂನಿನ ಅಂಶ. ಶಾಸನ ಬರೆದು ಸಂವಿಧಾನದ ಕ್ಷಮಾದಾನದ ಅಧಿಕಾರವನ್ನು ಕಡಿತಗೊಳಿಸಲು ಬರುವುದಿಲ್ಲ ಎಂದು 1980ರ ಮಾರು ರಾಮ್ ತೀರ್ಪು ಹೇಳಿದೆ. ಎಂದರೆ ಸೆಕ್ಷನ್ 32ಎ ಏನೇ ಹೇಳಲಿ, ರಾಜ್ಯದ ಪೊಲೀಸರು ಹಾಕಿದ ಸಣ್ಣ ಪ್ರಮಾಣದ ಗಾಂಜಾ ಕೇಸುಗಳ ಮಟ್ಟಿಗೆ ಚೆನ್ನೈನ ಸಂಪುಟವಾಗಲಿ ಬೆಂಗಳೂರಿನ ಸಂಪುಟವಾಗಲಿ ರಾಜ್ಯಪಾಲರಿಗೆ ಶಿಫಾರಸು ಮಾಡಬಹುದು ಎಂಬ ವಾದಕ್ಕೆ ಗಟ್ಟಿ ಆಧಾರವಿದೆ. ಹಾಗೆ ಮಾಡೋಣ ಎಂದು ಹೇಳುವ ಒಂದು ದೊಡ್ಡ ಪಕ್ಷವೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಸರ್ಕಾರಗಳಿಗೆ ಸಾಮೂಹಿಕ ಕ್ಷಮೆ ಗೊತ್ತಿಲ್ಲವೆಂದಲ್ಲ. 2021ರ ಫೆಬ್ರವರಿಯಲ್ಲಿ, ಚುನಾವಣೆಗೆ ಮುಂಚೆ, ಆಗಿನ ಮುಖ್ಯಮಂತ್ರಿ ಎಡಪ್ಪಾಡಿ ಪಳನಿಸ್ವಾಮಿ ಅವರು ಲಾಕ್‌ಡೌನ್ ಉಲ್ಲಂಘನೆಯ ಸುಮಾರು 10 ಲಕ್ಷ ಕೇಸುಗಳನ್ನು ಹಿಂಪಡೆಯುವುದಾಗಿ ಒಂದೇ ಸಭೆಯಲ್ಲಿ ಘೋಷಿಸಿದರು. ನಮ್ಮ ಕರ್ನಾಟಕ ಸರ್ಕಾರ 2024ರಲ್ಲಿ ಹುಬ್ಬಳ್ಳಿ ಗಲಭೆಯೂ ಸೇರಿದಂತೆ 43 ಕೇಸುಗಳನ್ನು ಹಿಂಪಡೆಯಲು ಹೊರಟು, ಮರುವರ್ಷ ಹೈಕೋರ್ಟಿನಲ್ಲಿ ಮುಖಭಂಗ ಅನುಭವಿಸಿತು. ಸಂಘಟನೆ ಇದ್ದವರ, ವೋಟು ಇದ್ದವರ ಕೇಸುಗಳು ಸಂಪುಟದ ಮೇಜಿಗೆ ಬರುತ್ತವೆ. ಗಾಂಜಾ ಹುಡುಗರ ಸಂಘ ಅಂತ ಒಂದಿಲ್ಲ, ಇದ್ದರೂ ಅದರ ಅಧ್ಯಕ್ಷನ ಜೊತೆ ಫೋಟೊ ತೆಗೆಸಿಕೊಳ್ಳಲು ಯಾವ ಶಾಸಕನೂ ಬರುವುದಿಲ್ಲ. ಸ್ವಾತಂತ್ರ್ಯದ ಅಮೃತ ಮಹೋತ್ಸವಕ್ಕೆ ಕೇಂದ್ರ ಸರ್ಕಾರ 2022–23ರಲ್ಲಿ ಮೂರು ಕಂತುಗಳಲ್ಲಿ ಕೈದಿಗಳಿಗೆ ವಿಶೇಷ ಶಿಕ್ಷಾ ಕಡಿತ ಕೊಟ್ಟಾಗ, ಅತ್ಯಾಚಾರ, ಭಯೋತ್ಪಾದನೆಯ ಜೊತೆಗೆ ಎನ್‌ಡಿಪಿಎಸ್ ಕೂಡ ಹೊರಗಿಟ್ಟ ಪಟ್ಟಿಯಲ್ಲಿತ್ತು.

ಹೆತ್ತವರ ಭಯ

ಇಲ್ಲಿಯವರೆಗೆ ಓದಿ, ಇವನು ಗಾಂಜಾ ಪರ ವಕಾಲತ್ತು ಮಾಡುತ್ತಿದ್ದಾನೆ ಎಂದು ಅನ್ನಿಸಿದ್ದರೆ, ಇಲ್ಲ. ಆಂಧ್ರ-ಒಡಿಶಾ ಗಡಿಯ ಬೆಟ್ಟಗಳಿಂದ ರೈಲಿನಲ್ಲಿ ಚೆನ್ನೈಗೆ ಇಳಿಯುವ ಮಾಲು ಎಲ್ಲಿಗೆ ಹೋಗುತ್ತದೆ ಎಂದು ಇಲ್ಲಿನ ಶಾಲೆಗಳ ಹತ್ತಿರ ಮನೆ ಇರುವವರಿಗೆ ಗೊತ್ತು. ಹದಿಹರೆಯದಲ್ಲಿ ಶುರುಮಾಡಿದವರಿಗೆ ಮನೋರೋಗದ ಅಪಾಯ ಹೆಚ್ಚು ಎನ್ನುವುದು ವೈದ್ಯರ ಎಚ್ಚರಿಕೆ. ನಮ್ಮ ಅಪಾರ್ಟ್‌ಮೆಂಟಿನ ಅಮ್ಮಂದಿರು ಪೊಲೀಸರ ಬೇಟೆಯನ್ನು ಹೊಗಳುವಾಗ ನನಗೆ ಎದುರು ವಾದಿಸಲು ಮನಸ್ಸು ಬರುವುದಿಲ್ಲ. ಆ ಭಯ ಸುಳ್ಳಲ್ಲ.

ಥಾಯ್ಲೆಂಡಿನ ಉದಾಹರಣೆಯೂ ಮುಂದಿದೆ. 2022ರ ಜೂನ್ 9ರಂದು ಅಲ್ಲಿ ಗಾಂಜಾವನ್ನು ನಿಷೇಧಿತ ಪಟ್ಟಿಯಿಂದ ತೆಗೆದು, 3,000ಕ್ಕೂ ಹೆಚ್ಚು ಕೈದಿಗಳನ್ನು ಬಿಡುಗಡೆ ಮಾಡಿದರು. ಮೂರೇ ವರ್ಷದಲ್ಲಿ ಬೀದಿಗೊಂದು ಅಂಗಡಿಯಾಗಿ, 2025ರಲ್ಲಿ ವೈದ್ಯರ ಚೀಟಿ ಕಡ್ಡಾಯ ಮಾಡಬೇಕಾಯಿತು. ಬ್ಯಾಂಕಾಕ್ ವಿಮಾನದಲ್ಲಿ ಬಂದ ಹೈಡ್ರೋಪೋನಿಕ್ ಗಾಂಜಾ ಚೆನ್ನೈ, ಬೆಂಗಳೂರು ನಿಲ್ದಾಣಗಳಲ್ಲಿ ಪದೇ ಪದೇ ಸಿಗುತ್ತಿದೆ. ಆದರೆ ಗಮನಿಸಿ. ಥಾಯ್ಲೆಂಡಿನಲ್ಲಿ ಕೈಮೀರಿದ್ದು ಅಂಗಡಿಗಳು. ಬಿಡುಗಡೆಯಾದವರಿಂದ ಹಾಗಾಯಿತು ಎಂದು ಹೇಳಲು ಆಧಾರವಿಲ್ಲ. ಮುಂದೆ ಮಾರಲು ಬಿಡಬೇಕೆ ಎನ್ನುವುದು ಒಂದು ಪ್ರಶ್ನೆ, ಹಿಂದೆ ದಂಡ ಕಟ್ಟಿದವನನ್ನು ಇನ್ನೂ ಎಷ್ಟು ವರ್ಷ ಹಿಡಿದಿಟ್ಟುಕೊಳ್ಳಬೇಕು ಎನ್ನುವುದು ಇನ್ನೊಂದು. ನಮ್ಮ ರಾಜಕೀಯದಲ್ಲಿ ಎರಡನ್ನೂ ಕಲಸಿಬಿಟ್ಟಿದ್ದಾರೆ, ಹಾಗಾಗಿ ಎರಡನೆಯದನ್ನು ಕೇಳಿದವನಿಗೆ ಮೊದಲನೆಯದರ ಬೈಗುಳ ಬೀಳುತ್ತದೆ. ಗಾಂಜಾ ನಿಷೇಧ ಹಾಗೆಯೇ ಇರಲಿ. ಐದು ವರ್ಷ ಮತ್ತೆ ಸಿಕ್ಕಿಬೀಳದ, ಮಾರಾಟದ ಆರೋಪವಿಲ್ಲದ, ಸಣ್ಣ ಪ್ರಮಾಣದ ಶಿಕ್ಷೆಗಳನ್ನು ಅಳಿಸಿ ಎಂಬುದಷ್ಟೇ ನನ್ನ ವಾದ.

ತಮಿಳುನಾಡಿಗೆ ಇದು ಅರ್ಥವಾಗದ ವಿಷಯವಲ್ಲ. 1937ರಲ್ಲಿ ರಾಜಾಜಿ ಸೇಲಂನಿಂದ ಪಾನನಿಷೇಧ ಶುರುಮಾಡಿದರು. 1971ರಲ್ಲಿ ಕರುಣಾನಿಧಿ ತೆಗೆದರು, ಕೆಲವೇ ವರ್ಷದಲ್ಲಿ ಮತ್ತೆ ತಂದರು. 2003ರಿಂದ ಚಿಲ್ಲರೆ ಮದ್ಯ ಮಾರಾಟ ಸರ್ಕಾರದ್ದೇ, ಟಾಸ್ಮಾಕ್ ಆದಾಯ 2023–24ರಲ್ಲಿ 45,000 ಕೋಟಿ ರೂಪಾಯಿ ದಾಟಿತು. ಒಂದು ಕಾಲದಲ್ಲಿ ಜೈಲಿಗೆ ಕಳಿಸುತ್ತಿದ್ದ ಕೆಲಸ ಇನ್ನೊಂದು ಕಾಲದಲ್ಲಿ ಬಜೆಟ್ಟಿನ ಸಾಲು. ನಮ್ಮಲ್ಲೂ, ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದದ ರೂಢಿಯ ಬಗ್ಗೆ 2020ರಲ್ಲಿ, ಬೆಂಗಳೂರಿನ ಸಿನಿಮಾ ಮಂದಿಯ ಡ್ರಗ್ಸ್ ಕೇಸು ಟಿವಿಯಲ್ಲಿ ದಿನವಿಡೀ ಓಡುತ್ತಿದ್ದ ಹೊತ್ತಿನಲ್ಲೇ, ವರದಿಗಳು ಬಂದಿದ್ದವು. 1893–94ರ ಬ್ರಿಟಿಷ್ ಆಯೋಗ ದೇಶವೆಲ್ಲ ಸುತ್ತಿ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿ, ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಪೂರ್ತಿ ನಿಷೇಧ ಬೇಡ ಎಂದಿತ್ತು. 2021ರಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವೇ, ಸ್ವಂತ ಬಳಕೆಯ ಸಣ್ಣ ಪ್ರಮಾಣವನ್ನು ಅಪರಾಧದ ಪಟ್ಟಿಯಿಂದ ತೆಗೆಯಲು ಸಲಹೆ ಕೊಟ್ಟಿತ್ತು. ಆ ವರ್ಷ ಸಂಸತ್ತು ಕಾಯ್ದೆಯನ್ನು ತಿದ್ದಿದ್ದೇನೋ ನಿಜ. ಆದರೆ ಸೆಕ್ಷನ್ 27ಎಗೆ ಸಂಬಂಧಿಸಿದ ಒಂದು ಕರಡು ದೋಷ ಸರಿಪಡಿಸಲು ಮಾತ್ರ.

ಅಳಿಸುವ ಬಟನ್ ಇಲ್ಲ

ಮೊದಲಾದರೆ ಇಂಥ ತೀರ್ಪು ಕೋರ್ಟಿನ ದಾಖಲೆ ಕೋಣೆಯಲ್ಲಿ ಗೆದ್ದಲು ತಿನ್ನುತ್ತ ಕೂತಿರುತ್ತಿತ್ತು. ಈಗ ಇ-ಕೋರ್ಟ್ಸ್ ತಾಣದಲ್ಲಿ ಕಕ್ಷಿದಾರರ ಹೆಸರು ಹಾಕಿ ಯಾರು ಬೇಕಾದರೂ ಹುಡುಕಬಹುದು. ಹಿನ್ನೆಲೆ ಪರಿಶೀಲಿಸುವ ಕಂಪನಿಗಳು ಮಾಡುವುದು ಅದನ್ನೇ. ಪೊಲೀಸ್ ಠಾಣೆಗಳನ್ನು ಜೋಡಿಸುವ ಸಿಸಿಟಿಎನ್ಎಸ್ ಜಾಲವೂ ಇದೆ. ಡೇಟಾಬೇಸ್ ಕೆಲಸ ಮಾಡುವ ನಾನು ಹೇಳುತ್ತೇನೆ, ಸೇರಿಸುವುದು ಸುಲಭ, ಹತ್ತು ಕಡೆ ನಕಲಾದದ್ದನ್ನು ತೆಗೆಯುವುದು ಕಷ್ಟ.

ಮದ್ರಾಸ್ ಹೈಕೋರ್ಟಿನಲ್ಲೇ ಇದರ ಪರೀಕ್ಷೆ ನಡೆದಿದೆ. ಕ್ರಿಮಿನಲ್ ಕೇಸಿನಲ್ಲಿ ಪೂರ್ತಿ ಖುಲಾಸೆಯಾಗಿದ್ದ ಒಬ್ಬರು, ತೀರ್ಪಿನಲ್ಲಿರುವ ತಮ್ಮ ಹೆಸರು ತೆಗೆಯಿರಿ ಎಂದು ಕೇಳಿದರು. 2021ರ ಆಗಸ್ಟಿನಲ್ಲಿ ಏಕಸದಸ್ಯ ಪೀಠ ಆಗದು ಎಂದಿತು. 2024ರ ಫೆಬ್ರವರಿಯಲ್ಲಿ ವಿಭಾಗೀಯ ಪೀಠ ತೆಗೆಯಿರಿ ಎಂದಿತು. ಅದೇ ಜುಲೈಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಖುಲಾಸೆಯಾದವರ ಪಾಡೇ ಹೀಗಿರುವಾಗ ದಂಡ ಕಟ್ಟಿದವನನ್ನು ಕೇಳುವವರಾರು? ಹಾಗಾಗಿ ಕ್ಷಮಾದಾನ ಕೊಟ್ಟರೆ ಸಾಲದು, ಕ್ಷಮಿಸಿದ್ದೇವೆ ಎಂಬುದು ಇ-ಕೋರ್ಟ್ಸ್ ಪುಟದಲ್ಲೂ ಕಾಣಬೇಕು.

ಕೊಡುವ ರೀತಿಯೂ ಮುಖ್ಯ. ಕೆನಡಾ 2019ರಲ್ಲಿ ಹಳೆಯ ಗಾಂಜಾ ಶಿಕ್ಷೆಗಳಿಗೆ ಉಚಿತವಾಗಿ ಕ್ಷಮೆ ಎಂದು ಕಾನೂನು ಮಾಡಿತು, ಆದರೆ ಅರ್ಜಿ ಹಾಕಬೇಕು, ಕೋರ್ಟಿನಿಂದ ಕಾಗದ ತರಬೇಕು, ಬೆರಳಚ್ಚು ಕೊಡಬೇಕು. ಮೊದಲ ಎರಡು ವರ್ಷಗಳಲ್ಲಿ ಅದು ಸಿಕ್ಕಿದ್ದು ಕೆಲವೇ ನೂರು ಮಂದಿಗೆ. ಮೇರಿಲ್ಯಾಂಡಿನಲ್ಲಿ ಯಾರೂ ಅರ್ಜಿ ಹಾಕಬೇಕಾಗಲಿಲ್ಲ, ಸರ್ಕಾರವೇ ಪಟ್ಟಿ ತೆಗೆಯಿತು. ನಮ್ಮಲ್ಲಿ ಅರ್ಜಿ ಎಂದರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಿ: ನೋಟರಿ, ಮೂರು ಪ್ರತಿ, ಠಾಣೆಗೆ ನಾಲ್ಕು ಸಲ ಓಡಾಟ, ಅಪ್ಪನ ಮನೆ ಬಾಗಿಲಿಗೆ ಪೊಲೀಸ್ ಪರಿಶೀಲನೆ. ಮುಚ್ಚಿಟ್ಟ ಗುಟ್ಟು ಊರಿಗೆಲ್ಲ ಗೊತ್ತಾಗಲು ಅಷ್ಟು ಸಾಕು.

ಆನ್‌ಸೈಟ್ ಕನಸಿರುವವರಿಗೆ ಒಂದು ಮಾತು. ಅಮೆರಿಕದ ವೀಸಾಕ್ಕೆ ತುಂಬುವ ಡಿಎಸ್-160 ಫಾರಮ್ಮಿನಲ್ಲಿ, ಕ್ಷಮಾದಾನ ಸಿಕ್ಕಿದ್ದರೂ ಸರಿ, ಎಂದಾದರೂ ಬಂಧನವೋ ಶಿಕ್ಷೆಯೋ ಆಗಿದೆಯೇ ಎಂದೇ ಕೇಳುತ್ತಾರೆ. ಮಾದಕ ವಸ್ತುವಿನ ಅಪರಾಧಗಳಲ್ಲಿ ಅವರ ವಲಸೆ ಕಾನೂನು ಕ್ಷಮಾದಾನಕ್ಕೆ ಬೆಲೆ ಕೊಡುವುದಿಲ್ಲ. ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವ ರಾಜ್ಯದಲ್ಲಿ ಸೇದಿದರೂ ಫೆಡರಲ್ ಕಾನೂನಿನ ಕಣ್ಣಿಗೆ ಅದು ತಪ್ಪೇ. ಬೈಡನ್ ಘೋಷಣೆ ಕೂಡ, ಅಪರಾಧದ ಹೊತ್ತಿಗೆ ಕಾನೂನುಬದ್ಧವಾಗಿ ಅಲ್ಲಿರದ ವಿದೇಶಿಯರನ್ನು ಹೊರಗಿಟ್ಟಿತ್ತು.

ನಮ್ಮ ಪಾಸ್‌ಪೋರ್ಟ್ ಕಾಯ್ದೆಯ ವಿಚಿತ್ರ ಬೇರೆ. ಶಿಕ್ಷೆಯ ಕಾರಣಕ್ಕೆ ಪಾಸ್‌ಪೋರ್ಟ್ ನಿರಾಕರಿಸಬೇಕಾದರೆ ಕಳೆದ ಐದು ವರ್ಷದಲ್ಲಿ ಕನಿಷ್ಠ 2 ವರ್ಷದ ಸಜೆಯಾಗಿರಬೇಕು. ಆದರೆ ಕೇಸು ಬಾಕಿ ಇದ್ದರೆ ಸಾಕು, ಕೋರ್ಟಿನ ಅನುಮತಿ ಇಲ್ಲದೆ ಪಾಸ್‌ಪೋರ್ಟ್ ಸಿಗದು. ಹಾಗಾಗಿಯೇ ಹುಡುಗರು ಬೇಗ ಮುಗಿಯಲಿ ಎಂದು ತಪ್ಪೊಪ್ಪಿಕೊಳ್ಳುತ್ತಾರೆ. ಪಾಸ್‌ಪೋರ್ಟ್ ಸಿಗುತ್ತದೆ, ವೀಸಾ ಫಾರಮ್ಮಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಆದ್ದರಿಂದ ನಿಮ್ಮ ಕೋಣೆಯ ಹುಡುಗನೊಬ್ಬ ಅಪರಾತ್ರಿ ಠಾಣೆಯಿಂದ ಫೋನ್ ಮಾಡಿದರೆ, ಬೈಯುವುದನ್ನು ನಾಳೆಗಿಟ್ಟು ಮೊದಲು ಕೇಳಿ: ಹಾಕಿರುವುದು ಯಾವ ಸೆಕ್ಷನ್, 20 ಅಥವಾ 27? ಪಂಚನಾಮೆಯಲ್ಲಿ ಬರೆದಿರುವ ತೂಕ ಎಷ್ಟು? ವ್ಯಸನ ನಿಜವಾಗಿ ಇದ್ದರೆ 64ಎ ಬಗ್ಗೆ ವಕೀಲರು ಏನು ಹೇಳುತ್ತಾರೆ? ತಪ್ಪೊಪ್ಪಿಗೆಯ ಮಾತು ಇದೆಲ್ಲ ತಿಳಿದ ಮೇಲೆ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100, ಚೆನ್ನೈನಿಂದಲೂ ಬೆಂಗಳೂರಿನಿಂದಲೂ ಅದೇ ನಂಬರು.